ಹುರಿದುಂಬಿಸುವ ಪುಸ್ತಕಕ್ಕಿಂತ ಲೆಕ್ಕ ಒಪ್ಪಿಸುವ ಪುಸ್ತಕ ಬೇಕು

ಮಾನ್ಯ ಸಂಪಾದಕರಿಗೆ,

ಸ್ವಂತ ಉದ್ಯಮಕ್ಕೋ ಕಲೆ-ಸಾಹಿತ್ಯದ ಕೆಲಸಕ್ಕೋ ಇಳಿಯಬೇಕೆಂದಿರುವ ಯುವಜನರು ಓದಬೇಕಾದ ಪುಸ್ತಕಗಳು ಮತ್ತು ಕೇಳಬೇಕಾದ ಭಾಷಣಗಳ ಪಟ್ಟಿಯೊಂದು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದಿತ್ತು. ಕಾಸರಗೋಡು ಜಿಲ್ಲೆಯ ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತಳಾಗಿ, ಈಗ ನಮ್ಮೂರ ಗ್ರಂಥಾಲಯದ ಸಮಿತಿಯಲ್ಲಿರುವ ನನಗೆ ಆ ಪಟ್ಟಿಯ ಬಗ್ಗೆ ಕೆಲವು ಮಾತು ಹೇಳುವುದಿದೆ. ಕನ್ನಡ ಪತ್ರಿಕೆಯೊಂದು ಇಂಥ ವಿಷಯಕ್ಕೆ ಒಂದು ಇಡೀ ಪುಟವನ್ನು ಮೀಸಲಿಟ್ಟದ್ದು ಒಳ್ಳೆಯ ಕೆಲಸವೇ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅಲ್ಲಿದ್ದ ಪುಸ್ತಕಗಳಲ್ಲಿ ಹೆಚ್ಚಿನವು ಓದುಗನ ಬೆನ್ನು ತಟ್ಟುವ ಪುಸ್ತಕಗಳು. ದೊಡ್ಡ ಕನಸು ಕಾಣು, ಬೆಳಗ್ಗೆ ಬೇಗ ಏಳು, ಸೋಲಿಗೆ ಹೆದರಬೇಡ ಎಂದು ಅವು ಅಧ್ಯಾಯದಿಂದ ಅಧ್ಯಾಯಕ್ಕೆ ಹೇಳುತ್ತ ಹೋಗುತ್ತವೆಯೇ ಹೊರತು, ಬೆಳಗ್ಗೆ ಬೇಗ ಎದ್ದವನು ಆ ತಿಂಗಳ ಕೊನೆಯಲ್ಲಿ ಕೆಲಸದವರ ಸಂಬಳಕ್ಕೆ ಹಣವನ್ನು ಎಲ್ಲಿಂದ ಹೊಂದಿಸಿದ ಎಂಬುದನ್ನು ಎಲ್ಲಿಯೂ ಹೇಳುವುದಿಲ್ಲ.

ಪುಸ್ತಕವನ್ನು ಅಳೆಯಲು ನನ್ನದೊಂದು ಸರಳವಾದ ಕ್ರಮವಿದೆ. ಮೊದಲ ಬಂಡವಾಳ ಯಾರದು, ಸರಕನ್ನು ಮೊದಲು ಕೊಂಡವರು ಯಾರು, ಮೊದಲ ನಷ್ಟ ಬಂದದ್ದು ಯಾವಾಗ, ಅದನ್ನು ಯಾರು ಹೊತ್ತರು, ಬರೆದವರು ಯಾರೊಡನೆ ಜಗಳವಾಡಿದರು, ಈ ಐದರಲ್ಲಿ ಮೂರಕ್ಕಾದರೂ ಉತ್ತರ ಸಿಕ್ಕಿದರೆ ಆ ಪುಸ್ತಕವನ್ನು ವಿದ್ಯಾರ್ಥಿಯ ಕೈಗೆ ಧಾರಾಳವಾಗಿ ಕೊಡಬಹುದು. ಕಲೆ, ಸಾಹಿತ್ಯ, ರಂಗಭೂಮಿಯ ಪುಸ್ತಕಗಳಿಗೂ ಈ ಅಳತೆ ಸಲ್ಲುತ್ತದೆ. ನಾಟಕ ಬರೆದವನು ಅದನ್ನು ಯಾರಿಂದ ಅಚ್ಚು ಹಾಕಿಸಿದ, ಎಷ್ಟು ಪ್ರತಿ ಉಳಿದುಹೋಯಿತು ಎಂಬುದು ಅವನ ಪ್ರತಿಭೆಯ ವರ್ಣನೆಗಿಂತ ಕಡಿಮೆ ಸ್ವಾರಸ್ಯದ ಸಂಗತಿಯಲ್ಲ.

ಪಟ್ಟಿಯಲ್ಲಿದ್ದ ಭಾಷಣಗಳ ವಿಚಾರವನ್ನು ಮೊದಲು ಮುಗಿಸುತ್ತೇನೆ. ಸ್ಟೀವ್ ಜಾಬ್ಸ್ 2005ರ ಜೂನ್ 12ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭದಲ್ಲಿ ಮಾಡಿದ ಭಾಷಣ ಅಲ್ಲಿದೆ, ಇರಲೇಬೇಕಾದದ್ದು. ಆದರೆ ನಮ್ಮ ಮಕ್ಕಳು ಅದರಿಂದ ಹೆಕ್ಕಿಕೊಳ್ಳುವುದು ‘ಇಷ್ಟವಾದುದನ್ನೇ ಮಾಡು’ ಎಂಬ ಒಂದು ಮಾತನ್ನು ಮಾತ್ರ. ಕಾಲೇಜು ಬಿಟ್ಟ ಮೇಲೆ ಗೆಳೆಯರ ಕೋಣೆಗಳಲ್ಲಿ ನೆಲದ ಮೇಲೆ ಮಲಗುತ್ತಿದ್ದುದನ್ನು, ಖಾಲಿ ಕೋಕ್ ಬಾಟಲಿಗಳನ್ನು ಹಿಂದಿರುಗಿಸಿ ಸಿಕ್ಕಿದ ಚಿಲ್ಲರೆಯಲ್ಲಿ ಊಟ ಮಾಡುತ್ತಿದ್ದುದನ್ನು ಆತ ಅದೇ ಭಾಷಣದಲ್ಲಿ ಹೇಳುತ್ತಾನೆ. ಯಾವ ಉಪಯೋಗಕ್ಕೆಂದು ಗೊತ್ತಿಲ್ಲದೆ ಕಲಿತ ಅಕ್ಷರಕಲೆ ಹತ್ತು ವರ್ಷಗಳ ನಂತರ ಮ್ಯಾಕಿಂತೋಷ್ ಕಂಪ್ಯೂಟರಿನ ಅಕ್ಷರಗಳಲ್ಲಿ ಒದಗಿ ಬಂದ ಬಗೆಯನ್ನು ಬಿಡಿಸಿ ಹೇಳುತ್ತಾನೆ. ಕೇಳಬೇಕಾದ ಭಾಗ ಅದು, ಏಕೆಂದರೆ ಅಲ್ಲಿ ಕೆಲಸವಿದೆ, ಕಾಲದ ಲೆಕ್ಕವಿದೆ. ಶಾಲೆಗಳು ಸೃಜನಶೀಲತೆಯನ್ನು ಕೊಲ್ಲುತ್ತವೆಯೇ ಎಂದು ಕೆನ್ ರಾಬಿನ್ಸನ್ 2006ರಲ್ಲಿ ಟೆಡ್ ವೇದಿಕೆಯಲ್ಲಿ ಕೇಳಿದ್ದೂ ಚೆನ್ನಾಗಿಯೇ ಇದೆ, ನಗಿಸುತ್ತ ನಗಿಸುತ್ತ ಚುಚ್ಚುತ್ತದೆ. ಆದರೂ ಮೂವತ್ತು-ನಲವತ್ತು ಮಕ್ಕಳ ತರಗತಿಯೊಂದಿಗೆ ಮರುದಿನ ಬೆಳಗ್ಗೆ ಏನು ಮಾಡಬೇಕೆಂಬುದನ್ನು ಅದು ನನ್ನಂಥ ಅಧ್ಯಾಪಕರಿಗೆ ತಿಳಿಸಿಕೊಡಲಿಲ್ಲ. ಇಪ್ಪತ್ತು ನಿಮಿಷದ ಭಾಷಣದಿಂದ ಅಷ್ಟನ್ನು ಬಯಸುವುದೂ ಸರಿಯಲ್ಲವೇನೋ.

ಇನ್ನು ಪುಸ್ತಕಗಳು. ತಮ್ಮ ಪಟ್ಟಿಯಲ್ಲಿ ಅಮುಲ್ ಹಾಲಿನ ಸಹಕಾರಿ ಸಂಘವನ್ನು ಬೆಳೆಸಿದ ವರ್ಗೀಸ್ ಕುರಿಯನ್ನರ ಹೆಸರೇ ಇಲ್ಲದ್ದು ನನಗೆ ಅಚ್ಚರಿ ತಂದಿತು. 1921ರಲ್ಲಿ ಕೋಝಿಕ್ಕೋಡಿನಲ್ಲಿ ಹುಟ್ಟಿದ ಈ ಎಂಜಿನಿಯರ್, ಸರಕಾರಿ ವಿದ್ಯಾರ್ಥಿವೇತನದ ಋಣ ತೀರಿಸಲೆಂದು 1949ರ ಮೇ ತಿಂಗಳಲ್ಲಿ ಗುಜರಾತಿನ ಆನಂದ್‌ಗೆ ಬಂದವರು. ಹಾಲಿನ ಮೇಲೆ ಅವರಿಗೆ ಪ್ರೀತಿಯೇನೂ ಇರಲಿಲ್ಲ, ಅವಧಿ ಮುಗಿದೊಡನೆ ಊರು ಬಿಡುವ ಅವಸರದಲ್ಲಿದ್ದರು. 2005ರಲ್ಲಿ ಪ್ರಕಟವಾದ ‘ಐ ಟೂ ಹ್ಯಾಡ್ ಎ ಡ್ರೀಮ್’ ಎಂಬ ಆತ್ಮಕತೆಯಲ್ಲಿ ಇದನ್ನೆಲ್ಲ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ಖೇಡಾ ಜಿಲ್ಲೆಯ ಹಾಲು ಉತ್ಪಾದಕರು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ 1946ರ ಡಿಸೆಂಬರಿನಲ್ಲೇ ತಮ್ಮ ಸಹಕಾರಿ ಸಂಘವನ್ನು ನೋಂದಾಯಿಸಿಕೊಂಡಿದ್ದರು. ಕುರಿಯನ್ ಮೊದಲು ಮಾಡಿಕೊಟ್ಟದ್ದು ಅವರ ಯಂತ್ರಗಳ ದುರಸ್ತಿಯನ್ನು. ಎಮ್ಮೆಯ ಹಾಲಿನಿಂದ ಪುಡಿ ತಯಾರಿಸಲು ಸಾಧ್ಯವೇ ಇಲ್ಲವೆಂದು ವಿದೇಶಿ ತಜ್ಞರು ಹೇಳುತ್ತಿದ್ದಾಗ, ಎಚ್.ಎಂ. ದಲಾಯಾ ಎಂಬ ಸಹೋದ್ಯೋಗಿ ಅದನ್ನು ಮಾಡಿ ತೋರಿಸಿದರು, 1955ರಲ್ಲಿ ಹಾಲಿನ ಪುಡಿಯ ಕಾರ್ಖಾನೆ ನೆಹರೂ ಅವರಿಂದ ಉದ್ಘಾಟನೆಯಾಯಿತು. ಮಂತ್ರಿಗಳೊಡನೆ, ಅಧಿಕಾರಿಗಳೊಡನೆ, ಖಾಸಗಿ ಡೇರಿಗಳೊಡನೆ ನಡೆದ ಜಗಳಗಳು ಈ ಪುಸ್ತಕದ ಉದ್ದಕ್ಕೂ ಇವೆ. ಕುರಿಯನ್ ಅವುಗಳಲ್ಲಿ ಸದಾ ತಾವೇ ಸರಿ ಎಂದು ಬರೆದುಕೊಂಡಿರುವುದನ್ನು ಓದುಗ ಸ್ವಲ್ಪ ರಿಯಾಯಿತಿ ಹಾಕಿಕೊಂಡೇ ಓದಬೇಕು.

ಉದ್ಯಮ ಮತ್ತು ಕಲೆ ಎಂಬ ಎರಡು ಭಾಗ ಮಾಡಿ ತಾವು ಪಟ್ಟಿ ಕೊಟ್ಟಿದ್ದೀರಿ. ಅವೆರಡೂ ಕೂಡುವ ಜಾಗವೊಂದು ಈ ಹಾಲಿನ ಕಥೆಯಲ್ಲೇ ಇದೆ. ಶ್ಯಾಮ್ ಬೆನೆಗಲ್ ಅವರ ‘ಮಂಥನ್’ ಚಿತ್ರಕ್ಕೆ 1976ರಲ್ಲಿ ಹಣ ಹಾಕಿದವರು ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು, ತಲೆಗೆ ಎರಡು ರೂಪಾಯಿಯಂತೆ. ಒಬ್ಬ ನಿರ್ಮಾಪಕನನ್ನು ಹುಡುಕಿ ಚಪ್ಪಲಿ ಸವೆಸುವ ನಮ್ಮ ಕಿರುಚಿತ್ರದ ಹುಡುಗರಿಗೆ ಈ ಲೆಕ್ಕವನ್ನು ವಿವರಿಸಿದರೆ ಯಾವ ಪ್ರೇರಣಾದಾಯಕ ಭಾಷಣವೂ ಮಾಡದ ಕೆಲಸ ಆಗುತ್ತದೆ. ಹಣ ಹಾಕಿದವರೇ ಚಿತ್ರ ನೋಡಲು ಬಂದರು ಎಂಬುದು ಅದರ ಮುಂದಿನ ಭಾಗ.

ಸೋಲನ್ನೂ ಸೇರಿಸಿ ಹೇಳುವ ಪುಸ್ತಕ ಬೇಕೆಂದರೆ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಆತ್ಮಕತೆಯಿದೆ, ಕನ್ನಡದಲ್ಲಿ ಅದು ‘ಬಾನಯಾನ’. 2003ರಲ್ಲಿ ಏರ್ ಡೆಕ್ಕನ್ ಹಾರಿಸುವ ಮೊದಲು ಅವರು ಸೇನೆ ಬಿಟ್ಟು ಬಂದು ಕೃಷಿ ಮಾಡಿದ್ದು, ಹಾಸನದಲ್ಲಿ ಹೋಟೆಲು ನಡೆಸಿದ್ದು, ಮೋಟಾರ್ ಸೈಕಲ್ ಏಜೆನ್ಸಿ ಹಿಡಿದದ್ದು ಎಲ್ಲವೂ ಅದರಲ್ಲಿ ಬರುತ್ತದೆ. ನಾನು ವಿದ್ಯಾರ್ಥಿಗಳಿಗೆ ಓದಲು ಹೇಳುತ್ತಿದ್ದುದು ವಿಮಾನದ ಅಧ್ಯಾಯಗಳನ್ನಲ್ಲ, ಅದಕ್ಕೆ ಹಿಂದಿನವನ್ನು. ತೋಟದ ಮನೆಯ ಹುಡುಗನಿಗೆ ಅರ್ಥವಾಗುವ ಸಾಲ, ಕೀಟ, ನೀರು, ಮಾರುಕಟ್ಟೆ ಅಲ್ಲಿವೆ. ಕೊನೆಗೆ ಆ ಕಂಪನಿ ಬೇರೆಯವರ ಕೈಗೆ ಹೋಯಿತೆಂಬ ಕಾರಣಕ್ಕೆ ಪುಸ್ತಕವನ್ನು ಬದಿಗಿಡುವವರಿದ್ದಾರೆ, ನನಗೆ ಅದೇ ಅದನ್ನು ಓದಿಸಲು ಕಾರಣ.

ಇವೆಲ್ಲ ದೂರದ ಊರಿನ ಮಾತಾಯಿತು. ಕಾಸರಗೋಡಿನ ಕನ್ನಡ ಓದುಗನಿಗೆ ಕೈಯಳತೆಯಲ್ಲಿರುವ ವೃತ್ತಾಂತಗಳನ್ನು ಯಾವ ಪಟ್ಟಿಯೂ ಗಮನಿಸುವುದಿಲ್ಲ ಎಂಬುದು ನನ್ನ ಮುಖ್ಯ ದೂರು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊವನ್ನೇ ನೋಡಿ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರ ಜುಲೈ 11ರಂದು ಆ ಸಂಸ್ಥೆ ಹುಟ್ಟಿತು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಒಂದೇ ಸಹಕಾರಿ ಸಂಸ್ಥೆಯಲ್ಲಿ ಸೇರಿದ್ದು ಆಗ ಸಣ್ಣ ಸಂಗತಿಯಾಗಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ನಮ್ಮ ತೋಟಗಳ ನಡುವೆ ಹಾದುಹೋಗಿದ್ದರೂ, ಅಡಿಕೆಯ ವ್ಯಾಪಾರಕ್ಕೆ ಮಂಗಳೂರೇ ಪೇಟೆಯಾಗಿ ಉಳಿದಿತ್ತು, ಹಾಗಾಗಿ ಸಂಸ್ಥೆಯೂ ಗಡಿಯ ಎರಡೂ ಬದಿಗೆ ಕಾಲಿಟ್ಟು ನಿಲ್ಲಬೇಕಾಯಿತು. ಧಾರಣೆ ಬಿದ್ದಾಗ ಕೊಳ್ಳುವವನೊಬ್ಬ ಪೇಟೆಯಲ್ಲಿ ನಿಂತಿದ್ದಾನೆ ಎಂಬ ಒಂದೇ ಕಾರಣದಿಂದ ಉಳಿದ ವ್ಯಾಪಾರಿಗಳೂ ತಮ್ಮ ಧಾರಣೆಯನ್ನು ಏರಿಸಬೇಕಾಗುವುದನ್ನು, ಅರ್ಥಶಾಸ್ತ್ರದ ಯಾವ ಪಠ್ಯಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಇಲ್ಲಿನ ಹಿರಿಯ ಕೃಷಿಕರು ವಿವರಿಸಬಲ್ಲರು.

ಅದರ ಎರಡನೆಯ ಅಧ್ಯಾಯ ಇನ್ನೂ ಸ್ವಾರಸ್ಯದ್ದು. ಅಡಿಕೆಯ ನಡುವೆ ಕೊಕ್ಕೊ ಬೆಳೆಯಿರಿ ಎಂದು ಹುರಿದುಂಬಿಸಿದ್ದ ಖರೀದಿದಾರರು, 1980ರ ಹೊತ್ತಿಗೆ ಧಾರಣೆ ಬಿದ್ದಾಗ ಹಿಂದೆ ಸರಿದರು, ಹಣ್ಣು ಕೊಯ್ದವರಿಗೆ ಮಾರುವ ದಾರಿಯಿಲ್ಲವಾಯಿತು. ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿದದ್ದು ಆಗ. ಕೊಂಡದ್ದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ನಿಂತಿತು. ಅಡಿಕೆ ಬೆಳೆಗಾರರ ಸಂಘವೊಂದು ಚಾಕೊಲೇಟ್ ತಯಾರಿಸುವುದೆಂದರೆ ಅದು ಸೃಜನಶೀಲತೆಯಲ್ಲದೆ ಮತ್ತೇನು? ಹೊಸ ಹೊಳಹು ಎಂಬುದು ಬಿಡುವಿನ ವೇಳೆಯಲ್ಲಿ, ಹಸುರು ಗುಡ್ಡದ ಮೇಲೆ ಕುಳಿತವನಿಗೆ ಬರುತ್ತದೆಂದು ಪ್ರೇರಣೆಯ ಪುಸ್ತಕಗಳು ಚಿತ್ರಿಸುತ್ತವೆ, ಇಲ್ಲಿ ಅದು ಕೊಳೆಯಲು ಆರಂಭಿಸಿದ ಹಣ್ಣಿನ ರಾಶಿಯ ಮುಂದೆ ಬಂತು. ಸುಬ್ರಾಯ ಭಟ್ಟರ ಬಗೆಗಿನ ಬರಹಗಳಲ್ಲಿ, ಸಹಕಾರಿ ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಈ ಚರಿತ್ರೆ ಬಿಡಿಬಿಡಿಯಾಗಿ ಹರಡಿದೆ. ಸ್ಮರಣ ಸಂಚಿಕೆಯೆಂದರೆ ಸಂದೇಶ ಮತ್ತು ಜಾಹೀರಾತು ಎಂದು ಮೂಗು ಮುರಿಯುವವರು ಅದರ ನಡುವಿನ ಪುಟಗಳನ್ನು ತೆರೆದಿರುವುದಿಲ್ಲ.

ಕ್ಯಾಂಪ್ಕೊಗಿಂತಲೂ ನನಗೆ ಹೆಚ್ಚು ಪ್ರಿಯವಾದ ಉದಾಹರಣೆ ದಿನೇಶ್ ಬೀಡಿ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕೆಲಸದ ಷರತ್ತುಗಳ ಕಾಯಿದೆ 1966ರಲ್ಲಿ ಬಂತು. ಕೇರಳ ಸರಕಾರ ಅದನ್ನು ಜಾರಿಗೆ ತರಲು ಮುಂದಾದಾಗ, ಮಂಗಳೂರಿನ ಬೀಡಿ ಮಾಲೀಕರು ಉತ್ತರ ಮಲಬಾರಿನ ತಮ್ಮ ಶೆಡ್ಡುಗಳನ್ನು ಮುಚ್ಚಿದರು, ಸುಮಾರು ಹನ್ನೆರಡು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಆ ಕಾರ್ಮಿಕರೇ ಸೇರಿ 1969ರ ಫೆಬ್ರವರಿಯಲ್ಲಿ ಕಣ್ಣೂರು ಕೇಂದ್ರವಾಗಿ ಕಟ್ಟಿದ ಸಹಕಾರಿ ಸಂಘ ನಮ್ಮ ಜಿಲ್ಲೆಯ ದಕ್ಷಿಣ ಭಾಗಕ್ಕೂ ಹಬ್ಬಿತು. ಬೀಡಿ ಸೇದುವವರು ಕಡಿಮೆಯಾಗುತ್ತ ಬಂದಾಗ ಅದೇ ಸಂಘ ಕೊಡೆ, ತೆಂಗಿನ ಹಾಲು, ಸಾಂಬಾರ ಪುಡಿಗಳ ತಯಾರಿಕೆಗೆ ತಿರುಗಿತು. ಥಾಮಸ್ ಐಸಾಕ್, ರಿಚರ್ಡ್ ಫ್ರಾಂಕಿ ಮತ್ತು ಪ್ಯಾರೇಲಾಲ್ ರಾಘವನ್ ಬರೆದು 1998ರಲ್ಲಿ ಹೊರಬಂದ ಇಂಗ್ಲಿಷ್ ಗ್ರಂಥ ಇದರ ಲೆಕ್ಕವನ್ನು ಚಾಚೂ ತಪ್ಪದೆ ಕೊಡುತ್ತದೆ. ಅಧ್ಯಯನ ಗ್ರಂಥವಾದ್ದರಿಂದ ಓದಲು ಸ್ವಲ್ಪ ತಾಳ್ಮೆ ಬೇಕು, ಆದರೆ ಕಾರ್ಮಿಕರು ಮಾಲೀಕರಾದಾಗ ಶಿಸ್ತು, ಕೂಲಿ, ಲಾಭಗಳ ನಡುವೆ ಏಳುವ ತಿಕ್ಕಾಟವನ್ನು ಅಷ್ಟು ಹತ್ತಿರದಿಂದ ತೋರಿಸುವ ಬರವಣಿಗೆ ಅಪರೂಪ.

ಬೀಡಿ ಶೆಡ್ಡಿನ ಮಾತು ಬಂದ ಮೇಲೆ ಅಲ್ಲಿನ ಓದಿನ ಮಾತನ್ನು ಬಿಡುವಂತಿಲ್ಲ. ಎಲೆ ಕತ್ತರಿಸಿ ಹೊಗೆಸೊಪ್ಪು ತುಂಬಿ ಸುತ್ತುವ ಕೆಲಸ ಕೈ ಮತ್ತು ಕಣ್ಣಿನದು, ಕಿವಿ ಬಿಡುವಾಗಿರುತ್ತದೆ. ಹಾಗಾಗಿ ಉತ್ತರ ಮಲಬಾರಿನ ಶೆಡ್ಡುಗಳಲ್ಲಿ ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುವುದು, ಪತ್ರಿಕೆ ಮುಗಿದ ಮೇಲೆ ಕಾದಂಬರಿಯನ್ನೋ ರಾಜಕೀಯ ಬರಹವನ್ನೋ ಓದುವುದು ರೂಢಿಯಾಗಿತ್ತು. ಓದಿದವನ ಆ ಹೊತ್ತಿನ ಕೂಲಿ ತಪ್ಪದಂತೆ ಉಳಿದವರು ಅವನ ಪಾಲಿನ ಬೀಡಿಗಳನ್ನೂ ಕಟ್ಟಿಕೊಡುತ್ತಿದ್ದರು. ಕೇಳಿದ್ದರ ಮೇಲೆ ಚರ್ಚೆಯೂ ನಡೆಯುತ್ತಿತ್ತು. ಒಂಟಿಯಾಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಶಸ್ಸಿನ ಸೂತ್ರ ಕೇಳುವವನಿಗೂ, ಹತ್ತಾರು ಮಂದಿಯ ನಡುವೆ ಕುಳಿತು ಕೇಳಿ ಅಲ್ಲೇ ‘ಅದು ಹೇಗೆ?’ ಎಂದು ಪ್ರಶ್ನಿಸುವವನಿಗೂ ನಡುವಿನ ಅಂತರ ದೊಡ್ಡದು. ಕಂಪನಿ ಮುಚ್ಚಿದಾಗ ಸಹಕಾರಿ ಸಂಘವನ್ನು ಕಟ್ಟಿ ನಡೆಸುವ ಧೈರ್ಯ ಆ ಜನಕ್ಕೆ ಬಂದದ್ದರಲ್ಲಿ ಈ ಕೇಳ್ಮೆಯ ಪಾಲು ಎಷ್ಟೆಂದು ಅಳೆಯಲಾಗದಿದ್ದರೂ, ಇಲ್ಲವೆನ್ನಲು ನನಗೆ ಮನಸ್ಸು ಬಾರದು.

ಕರಾವಳಿಯ ಬ್ಯಾಂಕುಗಳ ಹುಟ್ಟಿನ ಕಥೆಗಳೂ ಇದೇ ಸಾಲಿಗೆ ಸೇರಬೇಕು. ಉಡುಪಿಯಲ್ಲಿ 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ, ಕಷ್ಟದಲ್ಲಿದ್ದ ನೇಕಾರರನ್ನು ಕಣ್ಣ ಮುಂದಿಟ್ಟುಕೊಂಡು, ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಆರಂಭಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ತಂದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಹೋಗಿ ಸಂಗ್ರಹಿಸಿದರು. ಇಂದಿಗೂ ನಮ್ಮ ಪೇಟೆಯ ಅಂಗಡಿಗಳಿಗೆ ಸಂಜೆ ಪಿಗ್ಮಿಯವರು ಬರುತ್ತಾರೆ, ಆ ಯೋಜನೆಯನ್ನು ಯಾರು ಯಾಕೆ ಆರಂಭಿಸಿದರೆಂದು ಅಂಗಡಿಯ ಹುಡುಗನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಲೆಯ ಕಡೆಗೆ ಬರೋಣ. ಗುಬ್ಬಿ ವೀರಣ್ಣನವರ ಆತ್ಮಕತೆ ‘ಕಲೆಯೇ ಕಾಯಕ’ವನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ವ್ಯವಹಾರದ ಪುಸ್ತಕಗಳ ಕಪಾಟಿನಲ್ಲಿಡುತ್ತೇನೆ. ಊರಿಂದೂರಿಗೆ ತಿರುಗುವ ನಾಟಕ ಕಂಪನಿಯೆಂದರೆ ನಟರು, ಅಡುಗೆಯವರು, ಪರದೆ ಬರೆಯುವವರು, ಮಕ್ಕಳು ಮರಿ ಎಲ್ಲರ ಹೊಟ್ಟೆಯನ್ನೂ ಆ ರಾತ್ರಿಯ ಟಿಕೇಟಿನ ಹಣದಲ್ಲಿ ತುಂಬಿಸಬೇಕಾದ ಒಂದು ಊರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಆನೆಯ ಮೇವಿನ ಖರ್ಚನ್ನು ಯೋಚಿಸುವ ಓದುಗ ಉದ್ಯಮದ ಮೊದಲ ಪಾಠವನ್ನು ಕಲಿತಂತೆ. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇನ್ನೊಂದು ಬಗೆಯದು. ಪತ್ರಿಕೆ, ನಾಟಕ, ಮೂಕಿ ಚಿತ್ರ, ಪುತ್ತೂರಿನ ಬಾಲವನ, ಮಕ್ಕಳ ವಿಶ್ವಕೋಶ, ಯಕ್ಷಗಾನದ ಪ್ರಯೋಗ ಎಂದು ಕೈಹಾಕದ ಕೆಲಸವಿಲ್ಲದ ಅವರು, ಕೈಸುಟ್ಟುಕೊಂಡ ಸಂಗತಿಗಳನ್ನು ಅಳುಕಿಲ್ಲದೆ, ಕನಿಕರವನ್ನೂ ಬೇಡದೆ ಬರೆಯುತ್ತಾರೆ. ಒಂದು ಕೆಲಸ ನಷ್ಟವಾದ ಮಾತ್ರಕ್ಕೆ ಅದು ಮಾಡಬಾರದ ಕೆಲಸವಾಗಿತ್ತು ಎಂದು ಅವರು ಒಪ್ಪುವುದಿಲ್ಲ. ವಾಣಿಜ್ಯದ ಅಧ್ಯಾಪಕಿಯಾಗಿ ನನಗೆ ಇದರ ಬಗ್ಗೆ ತಕರಾರಿದೆ, ಆದರೂ ಓದುವುದನ್ನು ನಿಲ್ಲಿಸಲು ಆಗಿಲ್ಲ.

ನಮ್ಮವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳ ‘ದುಡಿತವೇ ನನ್ನ ದೇವರು’ ಈ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಕಾಸರಗೋಡಿಗೂ ಮಾರಾಟವಾಗುವ ಪತ್ರಿಕೆಯ ಪಟ್ಟಿಯೆಂದು ಹೇಳಿಕೊಳ್ಳುವುದು ಕಷ್ಟ. 1915ರಲ್ಲಿ ಹುಟ್ಟಿ ನೂರು ವರ್ಷ ತುಂಬಿ ತೀರಿಕೊಂಡ ಈ ಕವಿ ಅಧ್ಯಾಪಕ, ಪತ್ರಕರ್ತ ಮತ್ತು ಕೃಷಿಕ ಮೂರೂ ಆಗಿದ್ದವರು. ಸಂಬಳದ ಕೆಲಸ, ಮಣ್ಣಿನ ಕೆಲಸ, ಬರವಣಿಗೆ ಮತ್ತು ಚಳವಳಿಯನ್ನು ಒಂದೇ ಬಾಳಿನಲ್ಲಿ ಹೊಂದಿಸಿಕೊಂಡವರ ಅನುಭವ, ಉದ್ಯೋಗ ಬಿಟ್ಟು ಕಲೆಗೆ ಧುಮುಕಬೇಕೇ ಬೇಡವೇ ಎಂದು ತೂಗುವ ಇಂದಿನವರಿಗೆ ಬೇಕು. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ವನ್ನೂ ಸೇರಿಸಬಹುದು, ಅದರಲ್ಲಿ ನಾಟಕಕಾರನಷ್ಟೇ ಮುಖ್ಯವಾಗಿ ಅವನ ಪ್ರಕಾಶಕನೂ ಕಾಣುತ್ತಾನೆ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ, ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಪುಸ್ತಕ ಪ್ರಕಟಿಸಿದ ಸಂಸ್ಥೆ. 1945ರಲ್ಲಿ ಕೋಟ್ಟಯಂನಲ್ಲಿ ಹನ್ನೆರಡು ಮಂದಿ ಮಲಯಾಳಂ ಬರಹಗಾರರು ಸೇರಿ ತಮ್ಮದೇ ಸಹಕಾರಿ ಪ್ರಕಾಶನ ಸಂಘವನ್ನು ಕಟ್ಟಿದರು. ಬರೆದು ಬದುಕಬೇಕೆಂದಿರುವವರು ಈ ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು, ಎರಡೂ ಭಾಷೆ ಬಲ್ಲ ನಮ್ಮ ಜಿಲ್ಲೆಯವರಿಗೆ ಅದು ಸುಲಭ.

ಭಾಷಣಗಳಿಗೆ ಮತ್ತೆ ಬರುತ್ತೇನೆ, ಏಕೆಂದರೆ ಮಾತಿನ ಕಲೆಗೆ ಉದಾಹರಣೆ ಹುಡುಕಲು ಕ್ಯಾಲಿಫೋರ್ನಿಯಾದವರೆಗೆ ಹೋಗುವವರು ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ಯಕ್ಷಗಾನದ ಪ್ರಸಂಗ ನಡೆಸುವ ಪಕ್ಕದ ಊರಿನ ತಾಳಮದ್ದಳೆಗೆ ಹೋಗುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ಕೀರಿಕ್ಕಾಡು ವಿಷ್ಣು ಭಟ್ಟರು ದೇಲಂಪಾಡಿಯ ಬನಾರಿಯಲ್ಲಿ ಕಲಾಸಂಘ ಕಟ್ಟಿ ಅರ್ಥಗಾರಿಕೆಯನ್ನು, ಅಂದರೆ ಪಾತ್ರದ ಮಾತನ್ನು ಸ್ಥಳದಲ್ಲೇ ಕಟ್ಟಿ ಆಡುವುದನ್ನು, ಕಲಿಸಿದ ಈ ನೆಲದಲ್ಲಿ, ಯುವಕರು ಹಾಗೆ ಮಾಡುವುದು ನನಗೆ ಬೇಸರ ತರುತ್ತದೆ. ಅರ್ಥಧಾರಿಯ ಮುಂದೆ ಬರೆದ ಮಾತಿಲ್ಲ. ಭಾಗವತರು ಹಾಡಿದ ಪದ್ಯ ಒಂದು, ಎಲ್ಲರಿಗೂ ಗೊತ್ತಿರುವ ಕಥೆ ಒಂದು, ಎದುರಿಗೆ ತನ್ನ ವಾದವನ್ನು ಮುರಿಯಲೆಂದೇ ಕುಳಿತ ಇನ್ನೊಬ್ಬ ಅರ್ಥಧಾರಿ. ವಾಲಿ ಸಾಯಲೇಬೇಕೆಂಬುದು ಮೊದಲೇ ತೀರ್ಮಾನವಾಗಿದ್ದರೂ, ಸಾಯುವ ಮುನ್ನ ರಾಮನನ್ನು ಯಾವ ಪ್ರಶ್ನೆ ಕೇಳಿ ಕಟ್ಟಿಹಾಕಬೇಕು ಎಂಬುದು ಆ ರಾತ್ರಿ ಆ ಕಲಾವಿದನಿಗೆ ಹೊಳೆಯಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಧ್ವನಿಮುದ್ರಣ ಈಗ ಮೊಬೈಲಿನಲ್ಲೇ ಸಿಗುತ್ತದೆ. ಶೇಣಿ ಮತ್ತು ಮಲ್ಪೆ ಸಾಮಗರು ಎದುರೆದುರಾದ ಕೂಟಗಳ ಮುದ್ರಣಗಳನ್ನು ಹಿರಿಯರು ಕ್ಯಾಸೆಟ್ಟಿನ ಕಾಲದಿಂದ ಕಾಪಾಡಿಕೊಂಡು ಬಂದಿದ್ದಾರೆ. ಕಟ್ಟುಪಾಡಿನ ಒಳಗೇ ಇದ್ದುಕೊಂಡು ಹೊಸದನ್ನು ಹೇಳುವುದು, ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಉತ್ತರಿಸುವುದು, ಸಭೆ ಬೇಸರಗೊಂಡದ್ದನ್ನು ಗುರುತಿಸಿ ಮಾತು ಮೊಟಕುಗೊಳಿಸುವುದು, ಇವನ್ನು ಗ್ರಾಹಕನೊಡನೆ ಮಾತನಾಡುವ ವ್ಯಾಪಾರಿಯೂ ಕಥೆ ಹೇಳುವ ಬರಹಗಾರನೂ ಇಲ್ಲಿ ಕಲಿಯಬಹುದು. ಜಾಬ್ಸ್ ತನ್ನ ಭಾಷಣವನ್ನು ಕಾಗದ ನೋಡಿ ಓದಿದ್ದ ಎಂಬುದನ್ನು ಇಲ್ಲಿ ಹೇಳದಿರಲಾರೆ. ಅದರಿಂದ ಆ ಭಾಷಣದ ಬೆಲೆ ಕಡಿಮೆಯಾಗದು, ಆದರೆ ನಮ್ಮಲ್ಲಿನ ಸಾಧನೆ ಯಾವ ತೂಕದ್ದೆಂದು ತಿಳಿಯುತ್ತದೆ. ತಾಳಮದ್ದಳೆಯ ದೋಷವನ್ನೂ ಹೇಳಬೇಕು. ಪಾಂಡಿತ್ಯ ಪ್ರದರ್ಶನಕ್ಕೆಂದೇ ಗಂಟೆಗಟ್ಟಲೆ ಎಳೆಯುವ ಕೂಟಗಳಿವೆ, ಹೊಸಬರಿಗೆ ಮೊದಲ ದಿನವೇ ಅಂಥದ್ದನ್ನು ಕೇಳಿಸಿದರೆ ಅವರು ಮತ್ತೆ ಬರಲಾರರು.

ನಿಯತಕಾಲಿಕಗಳಲ್ಲಿ ಒಂದನ್ನಂತೂ ಹೆಸರಿಸಲೇಬೇಕು. 1988ರಲ್ಲಿ ಪುತ್ತೂರಿನಿಂದ ಆರಂಭವಾದ, ನಮ್ಮ ಜಿಲ್ಲೆಯ ವಾಣೀನಗರದ ಶ್ರೀ ಪಡ್ರೆಯವರು ರೂಪಿಸಿದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟ ಪತ್ರಿಕೆ. ತೋಟದಲ್ಲಿ ತಾನೇ ಮಾಡಿ ನೋಡಿದವನು ಅಲ್ಲಿ ಬರೆಯುತ್ತಾನೆ, ಎಷ್ಟು ಖರ್ಚಾಯಿತು, ಯಾರು ಕೊಂಡರು ಎಂಬುದು ಲೇಖನದಲ್ಲೇ ಇರುತ್ತದೆ. ಉದುರಿ ಕೊಳೆಯುತ್ತಿದ್ದ ಹಲಸಿನ ಹಣ್ಣಿಗೆ ಮಾರುಕಟ್ಟೆಯಿದೆ ಎಂದು ಅದು ವರ್ಷಗಟ್ಟಲೆ ಬರೆಯಿತು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸುವ ಹೊತ್ತಿಗೆ ಇಲ್ಲಿ ಚಿಪ್ಸು, ಹಪ್ಪಳಗಳಿಂದಾಚೆಗೂ ಯೋಚಿಸುವ ಸಣ್ಣ ಉದ್ಯಮಿಗಳಿದ್ದರು. ಕೇಳುವುದಕ್ಕೂ ನೋಡುವುದಕ್ಕೂ ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಅಲ್ಲಿ ಇಂದು ತೆಂಗಿನ ಚಿಪ್ಸು, ಹೊಂಬಾಳೆಯಿಂದ ಇಳಿಸುವ ಕಲ್ಪರಸ ಮೊದಲಾದವುಗಳ ತಯಾರಿಕೆಗೆ ತರಬೇತಿ ಕೊಡುತ್ತಾರೆ, ಉದ್ಯಮ ಆರಂಭಿಸುವವರಿಗೆ ನೆರವಾಗುವ ವ್ಯವಸ್ಥೆಯೂ ಇದೆ. ಪ್ರೇರಣೆಗೆಂದು ದುಬಾರಿ ಶುಲ್ಕ ಕೊಟ್ಟು ನಗರದ ಹೋಟೆಲಿನ ಶಿಬಿರಕ್ಕೆ ಹೋಗುವ ಮೊದಲು ಅಲ್ಲಿಗೆ ಹೋಗಿ ಬರುವುದು ಮೇಲು.

ಪಟ್ಟಿ ಕೊಡುವುದು ಸುಲಭ, ಪುಸ್ತಕ ಸಿಗುವುದು ಕಷ್ಟ ಎಂಬ ಮಾತು ಗಡಿನಾಡಿನಲ್ಲಿ ಇನ್ನಷ್ಟು ನಿಜ. ಕನ್ನಡ ಪುಸ್ತಕಕ್ಕೆ ನಾವು ಮಂಗಳೂರಿಗೋ ಪುತ್ತೂರಿಗೋ ಹೋಗಬೇಕು. ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಾರೆ, ಪೇಟೆಯಲ್ಲಿ ಮಲಯಾಳಂ ಮಾತನಾಡುತ್ತಾರೆ, ಉದ್ಯೋಗದ ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬುತ್ತಾರೆ. ಇದನ್ನು ಕೊರತೆಯೆಂದೇ ಹೇಳುತ್ತ ಬಂದಿದ್ದೇವೆ, ಓದಿನ ಮಟ್ಟಿಗಾದರೂ ಅದನ್ನು ಅನುಕೂಲವಾಗಿ ಮಾಡಿಕೊಳ್ಳಬಹುದು. ಪಿ.ಎನ್. ಪಣಿಕ್ಕರ್ 1945ರಲ್ಲಿ ಬುನಾದಿ ಹಾಕಿದ ಗ್ರಂಥಾಲಯ ಚಳವಳಿಯಿಂದಾಗಿ ಕೇರಳದ ಹಳ್ಳಿಹಳ್ಳಿಯಲ್ಲಿ ವಾಚನಾಲಯವಿದೆ, ಕಾಸರಗೋಡಿನ ಕನ್ನಡ ಪ್ರದೇಶಗಳಲ್ಲೂ ಇವೆ. ಪ್ರತಿ ವರ್ಷ ಅನುದಾನದಲ್ಲಿ ಯಾವ ಪುಸ್ತಕ ಕೊಳ್ಳಬೇಕೆಂದು ನಾವು ಸಮಿತಿಯವರು ಕುಳಿತಾಗ, ಕಾದಂಬರಿ ಮತ್ತು ಮಕ್ಕಳ ಕಥೆಗಳ ಹೊರತಾಗಿ ಏನನ್ನು ತರಬೇಕೆಂಬುದಕ್ಕೆ ನಂಬಬಹುದಾದ ಸಲಹೆ ಸಿಗುವುದಿಲ್ಲ. ಸಿಗುವುದು ಪ್ರಕಾಶಕರ ಕ್ಯಾಟಲಾಗು, ಅದರಲ್ಲಿ ಎಲ್ಲವೂ ಅತ್ಯುತ್ತಮ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಪಟ್ಟಿಯನ್ನು ಇನ್ನೊಮ್ಮೆ ಪ್ರಕಟಿಸುವಾಗ ಪುಸ್ತಕದ ಹೆಸರಿನ ಜೊತೆಗೆ ಪ್ರಕಾಶಕರು, ಪುಟ, ಬೆಲೆ ಮತ್ತು ಈಗ ಅಚ್ಚಿನಲ್ಲಿದೆಯೇ ಎಂಬುದನ್ನು ಕೊಡಿ. ಭಾಷಣವಾದರೆ ಎಷ್ಟು ನಿಮಿಷದ್ದು, ಯಾವ ಭಾಷೆಯದು, ಕನ್ನಡ ಮಾತ್ರ ಬಲ್ಲವರಿಗೆ ಎಷ್ಟು ದಕ್ಕುತ್ತದೆ ಎಂದು ತಿಳಿಸಿ. ಪಟ್ಟಿ ತಯಾರಿಸುವವರು ಆ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿರುವ ಗುರುತು ಎರಡು ಸಾಲಿನಲ್ಲಾದರೂ ಕಾಣಲಿ, ಹಿಂಬದಿಯ ರಕ್ಷಾಪುಟದ ಮಾತನ್ನೇ ಮತ್ತೆ ಅಚ್ಚು ಹಾಕಬೇಡಿ. ಇನ್ನು, ಪುಸ್ತಕವಾಗದೆ ಉಳಿದ ವೃತ್ತಾಂತಗಳಿವೆ. ಭೌಗೋಳಿಕ ಸೂಚಕ ಪಡೆದ ಕಾಸರಗೋಡು ಸೀರೆಯ ನೇಕಾರರು, ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಘಟಕಗಳಲ್ಲಿ ಹಪ್ಪಳ ಉಪ್ಪಿನಕಾಯಿ ಮಾಡಿ ಸಾಲ ತೀರಿಸಿದ ಹೆಂಗಸರು, ಮೇಳ ಕಟ್ಟಿ ನಡೆಸಿದ ಯಕ್ಷಗಾನದ ಸಂಚಾಲಕರು ನಮ್ಮ ನಡುವೆಯೇ ಇದ್ದಾರೆ. ತಮ್ಮ ವರದಿಗಾರರು ಸನ್ಮಾನದ ದಿನ ಫೋಟೊ ತೆಗೆಯಲು ಮಾತ್ರ ಅವರಲ್ಲಿಗೆ ಹೋಗದೆ, ಲೆಕ್ಕದ ಪುಸ್ತಕ ತೆರೆಸಿ ಮಾತನಾಡಿಸಿ ಬರೆದರೆ, ಅದನ್ನು ಕತ್ತರಿಸಿ ಕಡತ ಮಾಡಿಡಲು ನಾವು ಸಿದ್ಧರಿದ್ದೇವೆ.

ಜೂನ್ 19, ಪಣಿಕ್ಕರರ ಸ್ಮರಣೆಯ ವಾಚನ ದಿನ. ಅದಕ್ಕೆ ಒಂದು ತಿಂಗಳು ಮೊದಲು ಪರಿಷ್ಕೃತ ಪಟ್ಟಿ ಪ್ರಕಟವಾದರೆ, ಅದರಲ್ಲಿ ನಮ್ಮ ಅನುದಾನಕ್ಕೆ ಎಟಕುವ ಪುಸ್ತಕಗಳನ್ನು ತರಿಸಿ, ಅಂದಿನ ಸಂಜೆ ಗ್ರಂಥಾಲಯದಲ್ಲಿ ಕುರಿಯನ್ನರ ಒಂದು ಅಧ್ಯಾಯವನ್ನೂ ಕಾರಂತರ ಒಂದು ಅಧ್ಯಾಯವನ್ನೂ ಗಟ್ಟಿಯಾಗಿ ಓದಿಸುವ ಏರ್ಪಾಡನ್ನು ಸಮಿತಿಯಿಂದ ಮಾಡಿಸುವ ಹೊಣೆ ನನ್ನದು.

ಇತಿ,
ನಿವೃತ್ತ ವಾಣಿಜ್ಯಶಾಸ್ತ್ರ ಅಧ್ಯಾಪಕಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ